ಕೋವಿಗೆ ಹಾಕಿದ ತೆಂಗಿನೆಣ್ಣೆ

ಮಸ್ಕತ್ತಿನಲ್ಲಿ ಒಬ್ಬನೇ ಇರುವವನಿಗೆ ವಾರದ ಬೇರೆ ದಿನಗಳು ಅಂಥ ಕಷ್ಟವೇನಲ್ಲ. ಕೆಲಸ ಇರುತ್ತದೆ, ಕೆಲಸದವರ ಜೊತೆ ಜಗಳ ಇರುತ್ತದೆ, ಸಂಜೆ ಹೊತ್ತಿಗೆ ಸುಸ್ತಾಗಿ ಬಿದ್ದುಕೊಳ್ಳಬಹುದು. ಕಷ್ಟವಿರುವುದು ಶುಕ್ರವಾರ. ನಾನಿರುವ ವಾದಿ ಕಬೀರ್ ಬಡಾವಣೆಯ ಗ್ಯಾರೇಜುಗಳೆಲ್ಲ ಶಟರ್ ಎಳೆದುಕೊಂಡು ಇಡೀ ಬೀದಿಯೇ ಜ್ವರ ಬಂದು ಮಲಗಿದ ಹಾಗೆ ಇರುತ್ತದೆ. ಮಗಳ ಕಾಲೇಜಿಗೆಂದು ಹೆಂಡತಿ ಅವಳನ್ನು ಕರೆದುಕೊಂಡು ಉಡುಪಿಗೆ ಹೋದ ಮೇಲೆ, ಬಟ್ಟೆ ಒಗೆದು, ಒಂದು ಸಾರು ಕುದಿಸಿ, ಊರಿಗೆ ಫೋನ್ ಮಾಡಿ ಮುಗಿಸಿದರೂ ಮಧ್ಯಾಹ್ನವಾಗುತ್ತಿರಲಿಲ್ಲ. ಫೋನಿನಲ್ಲಾದರೂ ಎಷ್ಟು ಮಾತು?

"ಊಟ ಆಯ್ತಾ?"

"ಆಗ್ಬೇಕಷ್ಟೆ."

"ಎಂತ ಸಾರು?"

ಸಾರಿನ ಹೆಸರು ಹೇಳಿದ ಮೇಲೆ ಇಬ್ಬರಿಗೂ ಮಾತು ಮುಗಿಯುತ್ತಿತ್ತು. ಮಗಳು ಹಿಂದಿನಿಂದ ಇಂಗ್ಲಿಷಿನಲ್ಲಿ ಏನೋ ಕೂಗಿ ಒಳಗೆ ಹೋಗುತ್ತಿದ್ದಳು. ಅದಕ್ಕೇ ಆ ಒಂದು ಚಳಿಗಾಲವನ್ನು ನಾನು ಈಗಲೂ ಬೇರೆಯಾಗಿ ನೆನಪಿಟ್ಟುಕೊಂಡಿದ್ದೇನೆ. ಆ ಚಳಿಗಾಲದಲ್ಲಿ ನನಗೆ ಶುಕ್ರವಾರ ಹೋಗಲು ಒಂದು ಜಾಗವಿತ್ತು. ಅದನ್ನು ಕೊಟ್ಟದ್ದು ಒಂದು ರೈಫಲು.

ನಾನು ಜಾತಿಯಿಂದಲೂ ಕಸುಬಿನಿಂದಲೂ ಆಚಾರಿ. ವಾದಿ ಕಬೀರಿನ ಒಂದು ಮರಗೆಲಸದ ವರ್ಕ್‌ಶಾಪಿನಲ್ಲಿ ಬಾಗಿಲು, ಕಪಾಟು, ಕಚೇರಿಯ ಮೇಜು ಮಾಡಿಕೊಂಡು ತಲೆ ನರೆಸಿಕೊಂಡವನು. ವರ್ಕ್‌ಶಾಪಿನ ಮಾಲೀಕನೇ ನನ್ನ ಕಫೀಲ್, ಅಂದರೆ ನನ್ನ ವೀಸಾಕ್ಕೆ ಹೊಣೆ ಹೊತ್ತ ಒಮಾನಿ. ಎದುರಿಗೆ ನಾನವನನ್ನು ಅರ್ಬಾಬ್, ಅಂದರೆ ಧಣಿ, ಎನ್ನುತ್ತೇನೆ. ನಾವಿಬ್ಬರೂ ಒಂದೇ ಪ್ರಾಯದವರಾದ್ದರಿಂದ ಇಲ್ಲಿ ಅವನು ಎಂದೇ ಬರೆಯುತ್ತೇನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ನಮ್ಮ ಮಾತೆಲ್ಲ ಅರ್ಧ ಹಿಂದಿ, ಅರ್ಧ ಅರಬಿ, ಉಳಿದದ್ದು ಕೈಬಾಯಿ ಸನ್ನೆ.

ಅವನ ಮನೆ ಮಸ್ಕತ್ತಿನ ಇನ್ನೊಂದು ತುದಿಯ ಅಲ್ ಮವಾಲೇಹ್‌ನಲ್ಲಿ. ಆದರೆ ಮೂಲ ಊರು ಬೆಟ್ಟದ ಮೇಲೆ, ಜೀಪು ಏದುಸಿರು ಬಿಟ್ಟುಕೊಂಡು ಹತ್ತಬೇಕಾದ ಜಾಗದಲ್ಲಿ. ಅಲ್ಲಿ ಅವನ ವಿಧವೆ ಅಕ್ಕ ಮೇಕೆ ಸಾಕಿಕೊಂಡಿದ್ದಳು. ಆ ವರ್ಷ ಮೇಕೆಗಳಿಗೆ ನಾಯಿಗಳ ಕಾಟ ಶುರುವಾಯಿತು. ಯಾರೋ ಸಾಕಿ ಬಿಟ್ಟುಹೋದ ನಾಯಿಗಳು ಬೆಟ್ಟದಲ್ಲಿ ಕಾಡುಬಿದ್ದು, ಮರಿ ಹಾಕಿ, ಗುಂಪು ಕಟ್ಟಿಕೊಂಡಿದ್ದವು. ಅಕ್ಕ ತಮ್ಮನಿಗೆ ಖಡಾಖಂಡಿತ ಹೇಳಿದ್ದಳಂತೆ: ಇನ್ನೊಂದು ಸಲ ಅವು ಹಟ್ಟಿಗೆ ನುಗ್ಗಿದರೆ ಖಲಾಸ್, ಇದ್ದ ಮೇಕೆಗಳನ್ನೆಲ್ಲ ಮಾರಿ ಮನೆಗೆ ಬೀಗ ಹಾಕಿ ಕೆಳಗೆ ಬಂದುಬಿಡುತ್ತೇನೆ. ತೋಳವಾಗಿದ್ದರೆ ಮುಟ್ಟುವಂತಿಲ್ಲ, ಕಾನೂನಿದೆ. ನಾಯಿಗಳನ್ನು ಹೊಡೆಯಲು ಅವನಿಗೆ ಮೇಲಿನವರ ಒಪ್ಪಿಗೆ ಸಿಕ್ಕಿತ್ತು. ಪರವಾನಗಿಯೂ ಇತ್ತು. ಇಲ್ಲದ್ದು ಸರಿಯಾದ ಕೋವಿ.

ಅವನ ಅಪ್ಪನ ಕಾಲದ ಉದ್ದ ರೈಫಲೊಂದು ಮನೆಯಲ್ಲಿತ್ತು. ಅದನ್ನು ಹೊತ್ತು ಬೆಟ್ಟ ಹತ್ತಿದರೆ ನಾಯಿ ಸಿಗುವ ಮೊದಲು ಇವನೇ ಸಾಯುತ್ತಿದ್ದ. ಸಾಲದ್ದಕ್ಕೆ ನಳಿಗೆಯ ತುದಿಯ ಗುರಿಕಡ್ಡಿ ಇವನ ಕಣ್ಣಿಗೆ ಎರಡಾಗಿ ಕಾಣುತ್ತಿತ್ತು. ಹಾಗಾಗಿ ಹೊಸದು ಕೊಳ್ಳಲು ಫೋನಿನಲ್ಲಿ ವೀಡಿಯೊ ನೋಡಲು ಕೂತ. ಒಮಾನಿನ ಬೆಟ್ಟದ ನಾಯಿಗೆ ಯಾವ ಕೋವಿ ಒಳ್ಳೆಯದೆಂದು ಹೇಳುವ ಪುಣ್ಯಾತ್ಮರು ಯಾರೂ ಸಿಗಲಿಲ್ಲ. ಸಿಕ್ಕವರೆಲ್ಲ ಅಮೆರಿಕದವರು. ಅಲ್ಲಿ ಕಯೋಟಿ ಎಂಬ ಪ್ರಾಣಿ ಇದೆಯಂತೆ, ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. "ನೋಡು, ನಮ್ಮ ನಾಯಿಗಳ ಅಳತೆಯೇ," ಎಂದು ಅವನು ಟೀ ಹೊತ್ತಿನಲ್ಲಿ ವರ್ಕ್‌ಶಾಪಿಗೆ ಬಂದು ನನ್ನ ಮೂಗಿನ ಕೆಳಗೆ ಫೋನ್ ಹಿಡಿಯುತ್ತಿದ್ದ. ಗಡ್ಡದ ದೊರೆಗಳು ಹಿಮದಲ್ಲಿ ಬೋರಲು ಬಿದ್ದುಕೊಂಡು ಗುಂಡು ತುಂಬಲು ಕೋವಿಯ ಬೋಲ್ಟು ಎಳೆದು ತಳ್ಳುವುದನ್ನು ನಾವಿಬ್ಬರೂ ಮರದ ಹುಡಿಯ ನಡುವೆ ನಿಂತು ನೋಡುತ್ತಿದ್ದೆವು.

ನನ್ನನ್ನೇ ಯಾಕೆ ಕೇಳಿದ ಎಂದರೆ, ನಮ್ಮ ಮಾವನ ಮನೆಯಲ್ಲಿ ಬೆಳೆ ಕಾಯುವ ಲೈಸೆನ್ಸಿನ ಕೋವಿ ಇದ್ದದ್ದನ್ನು ನಾನೊಮ್ಮೆ ಹೇಳಿದ್ದೆ. ಹಂದಿ ಓಡಿಸಲು ಇಟ್ಟುಕೊಂಡ ಕೋವಿ ಅದು. ಪ್ರತಿ ಚುನಾವಣೆಗೂ ಪೊಲೀಸ್ ಠಾಣೆಗೆ ಹೋಗಿ ಕುತ್ತಿಗೆಗೆ ಚೀಟಿ ಕಟ್ಟಿಸಿಕೊಂಡು ಕೂರುತ್ತಿತ್ತು, ಫಲಿತಾಂಶ ಬಂದ ಮೇಲೆ ಮನೆಗೆ ಬರುತ್ತಿತ್ತು. ಅದು ಹಂದಿ ಹೊಡೆದದ್ದನ್ನು ನಾನು ಕಂಡಿಲ್ಲ. ಆದರೆ ಅದರ ಮುರಿದ ಹಿಡಿಯನ್ನು, ಅಂದರೆ ನಳಿಗೆಯ ಕೆಳಗಿನಿಂದ ಹೆಗಲಿನವರೆಗೆ ಬರುವ ಮರದ ಭಾಗವನ್ನು, ಹೊಸದಾಗಿ ಕಡೆದು ಕೂರಿಸಿದವನು ನಾನು. ಅಷ್ಟು ಸಾಕಿತ್ತು, ಅವನ ಕಣ್ಣಿಗೆ ನಾನು ದೊಡ್ಡ ಕೋವಿ ಪಂಡಿತ. ನಾನೂ ಬೇಡ ಎನ್ನಲಿಲ್ಲ. ಟೀ ಹೊತ್ತಿನಲ್ಲಿ ನನ್ನನ್ನು ಹುಡುಕಿಕೊಂಡು ಒಬ್ಬ ಬರುತ್ತಾನೆಂದರೆ ಬೇಡ ಎನ್ನಲು ನನಗೇನು ಹುಚ್ಚೇ?

ಯಾವ ಗುಂಡು ಎನ್ನುವುದರಲ್ಲಿ ನಮಗೆ ಜಗಳವಾಗಲಿಲ್ಲ. ದೊಡ್ಡ ಗುಂಡಿಗೆ ಒದೆತ ಜಾಸ್ತಿ, ಅವನ ಹೆಗಲು ಮೊದಲೇ ನೋವಿನದು. ತೀರಾ ಸಣ್ಣದು ಬೆಟ್ಟದ ಗಾಳಿಗೆ ಅಡ್ಡಾದಿಡ್ಡಿ ಹೋಗುತ್ತದೆ. ನಡುವಿನದೊಂದನ್ನು, ನೇರವಾಗಿ ಜೋರಾಗಿ ಹೋಗುವ ಹಗುರ ಗುಂಡಿನದನ್ನು ಆರಿಸಿದ. ದಪ್ಪ ನಳಿಗೆ ಬೇಡವೆಂದೆವು, ಹೊರಬೇಕಲ್ಲ. ಜಗಳವಾದದ್ದು ಹಿಡಿಯ ವಿಷಯಕ್ಕೆ. ಅಂಗಡಿಯವನು ಪ್ಲಾಸ್ಟಿಕ್ ಹಿಡಿಯದನ್ನು ಕೊಳ್ಳಿ, ಮರವಾದರೆ ಬಿಸಿಲಿಗೆ ಸೊಟ್ಟಗಾಗುತ್ತದೆ ಎಂದನಂತೆ. ನನಗೆ ಪಿತ್ತ ನೆತ್ತಿಗೇರಿತು.

"ಅರ್ಬಾಬ್, ಪ್ಲಾಸ್ಟಿಕ್ಕನ್ನು ಕೆನ್ನೆಗೆ ಒತ್ತಿಕೊಂಡು ಚಳಿಯಲ್ಲಿ ಕೂರ್ತೀರಾ? ಮರ ತನ್ನಿ. ಸೊಟ್ಟಗಾದ್ರೆ ನಾನಿದ್ದೇನೆ."

ಅವನು ಅಕ್ರೋಟು ಮರದ ಹಿಡಿಯದನ್ನೇ ತಂದ. ನಳಿಗೆ, ಬೋಲ್ಟು ಎಲ್ಲವನ್ನೂ ಮನೆಯಲ್ಲಿ ಬೀಗ ಹಾಕಿಟ್ಟು, ಬರೀ ಮರವನ್ನು ಬಟ್ಟೆಯಲ್ಲಿ ಸುತ್ತಿ ವರ್ಕ್‌ಶಾಪಿಗೆ ತಂದ. ಅದೇ ನಮ್ಮ ಕರಾರು: ಕಬ್ಬಿಣ ಅವನದು, ಮರ ನನ್ನದು. ಪರದೇಶಿಯಾದ ನಾನು ಕೋವಿ ಹಿಡಿಯುವಂತಿರಲಿಲ್ಲ, ಕೊನೆಯವರೆಗೂ ಹಿಡಿಯಲಿಲ್ಲ.

ನಮ್ಮಲ್ಲಿ ಕತ್ತಿಗೆ, ಹಾರೆಗೆ ಹಿಡಿ ಹಾಕುವಾಗ ಅದನ್ನು ಹಿಡಿಯುವವನ ಕೈ ಅಳೆಯುವುದು ಪದ್ಧತಿ. ಅಂಗಡಿಯ ಅಳತೆ ಅಂಗಡಿಗೆ. ಅವನ ತೋಳು ಮಡಚಿಸಿ, ಮೊಣಕೈಯ ಒಳಮಡಿಕೆಯಿಂದ ತೋರುಬೆರಳಿನವರೆಗೆ ಹಿಡಿಯನ್ನಿಟ್ಟು ನೋಡಿದೆ. ಗಿಡ್ಡವಾಗಿತ್ತು. ಹಾಗೇ ಬಿಟ್ಟರೆ ಗುರಿ ನೋಡಲು ಕೋವಿಯ ಮೇಲೆ ಕೂರಿಸುವ ದುರ್ಬೀನು ಕಣ್ಣಿಗೆ ತೀರಾ ಹತ್ತಿರವಾಗಿ, ಗುಂಡು ಹಾರಿದಾಗ ಹುಬ್ಬಿಗೆ ಬಡಿಯುತ್ತದೆ. ಅವನ ಮಣಿಕಟ್ಟು ಹಿಡಿದು, ಬೆರಳು ನೇರ ಮಾಡಿಸಿ, ಇನ್ನೊಮ್ಮೆ ಅಳೆದೆ. ಒಬ್ಬ ಮನುಷ್ಯನ ಕೈಯನ್ನು ಹೀಗೆ ಹಿಡಿದು ಎಷ್ಟು ಕಾಲವಾಯಿತು ಎಂದು ಆಗ ಹೊಳೆಯಿತು. ಅಳತೆ ಸಿಕ್ಕಿದ ಮೇಲೂ ಮೂರನೆಯ ಸಲ ಅಳೆದೆ. ಅವನು ಸುಮ್ಮನೆ ಕೈ ಚಾಚಿಕೊಂಡೇ ನಿಂತಿದ್ದ.

ಹಿಡಿಯ ಹಿಂದೆ ಸೇರಿಸಲು ಒಂದು ತುಂಡು ಮರ ಬೇಕಿತ್ತು. ವರ್ಕ್‌ಶಾಪಿನಲ್ಲಿ ಇದ್ದದ್ದೆಲ್ಲ ಹಲಗೆಯ ಹೆಸರಿನ ಹೊಟ್ಟು. ನನ್ನ ಕೋಣೆಯಲ್ಲಿ ಹಲಸಿನ ಮರದ ಮಣೆಯೊಂದಿತ್ತು, ಊರಿನಿಂದ ತಂದದ್ದು. ಹೆಂಡತಿ ಅದರ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದಳು. ಅವಳು ಹೋದ ಮೇಲೆ ಅದು ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿತ್ತು. ಅದರ ಒಂದು ಕೊನೆ ಕೊಯ್ದೆ. ಕಪ್ಪು ಅಕ್ರೋಟಿನ ಹಿಂದೆ ಹಲಸಿನ ಹಳದಿ ಪಟ್ಟಿ ಚೆನ್ನಾಗಿಯೇ ಕಾಣಿಸಿತು. ಕೆನ್ನೆ ಒತ್ತುವ ಕಡೆ ಕೂಡ ಒಂದು ತೆಳು ತುಂಡು ಕೂರಿಸಿ, ಕಣ್ಣು ದುರ್ಬೀನಿನ ಎತ್ತರಕ್ಕೆ ಬರುವ ಹಾಗೆ ಮಾಡಿದೆ. ಫೋನಿನಲ್ಲಿ ಹೆಂಡತಿಗೆ ಹೇಳಿದರೆ ಅವಳು ಕೆಂಡವಾದಳು.

"ನನ್ನ ಮಣೆ ಕೊಯ್ದು ಕೋವಿಗೆ ಹಾಕಿದ್ರಾ? ನಿಮಗೆ ತಲೆ ಸಮ ಉಂಟಾ ಮಾರಾಯ್ರೆ?"

ಆ ದಿನ ಸಾರಿನ ಮಾತು ಬರಲೇ ಇಲ್ಲ. ನನಗೆ ಖುಷಿಯಾಯಿತು.

ಗುರಿ ಹೊಂದಿಸಲು ಅವನು ಶುಕ್ರವಾರಗಳಂದು ಬೆಟ್ಟಕ್ಕೆ ಹೋಗಬೇಕಿತ್ತು. "ಮರ ನಿನ್ನದು, ನೀನೂ ಬಾ, ಯಲ್ಲಾ, ಹೊರಡೋಣ," ಎಂದ. ಹಾಗೆ ಶುರುವಾಯಿತು. ಬೆಳಿಗ್ಗೆ ಅವನ ಜೀಪು ನನ್ನ ಕಟ್ಟಡದ ಕೆಳಗೆ ನಿಂತು ಹಾರ್ನ್ ಹೊಡೆಯುವಾಗ, ಮೇಲಿನ ಮಹಡಿಯ ನಮ್ಮೂರಿನವರು ಕಿಟಕಿಯಿಂದ ಬಗ್ಗಿ ನೋಡಲಿ ಎಂದು ನಾನು ಬೇಕೆಂದೇ ನಿಧಾನವಾಗಿ ಮೆಟ್ಟಿಲಿಳಿಯುತ್ತಿದ್ದೆ.

ಅಕ್ಕ ಮೊದಲ ದಿನ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ತಮ್ಮನ ಹತ್ತಿರ ಏನೋ ಗೊಣಗಿದಳು. "ಬಡಗಿಯಂತೆ, ಹಾಗಾದರೆ ಬಾಗಿಲು ಯಾಕೆ ಕಿರುಗುಡುತ್ತಿದೆ ಎಂದು ಕೇಳು ಅಂತಾಳೆ," ಎಂದು ಅವನು ನಕ್ಕ. ನಾನು ಬಾಗಿಲು ಕಳಚಿ, ತಿಕ್ಕಿ, ಮತ್ತೆ ಕೂರಿಸಿದೆ. ಮುಂದಿನ ವಾರ ಹಟ್ಟಿಯ ಅಗುಳಿ, ಅದರ ಮುಂದಿನ ವಾರ ಅವಳ ಪೆಟ್ಟಿಗೆಯ ಮುಚ್ಚಳ. ನಾನು ಬರುವ ಹೊತ್ತಿಗೆ ಏನಾದರೊಂದನ್ನು ಮುರಿದಿಟ್ಟಿರುತ್ತಾಳೋ ಎಂಬ ಅನುಮಾನ ಬರುತ್ತಿತ್ತು. ಖರ್ಜೂರ, ಏಲಕ್ಕಿ ಹಾಕಿದ ಕಹಿ ಕಾಫಿ ಎದುರಿಗಿಟ್ಟು, ನಾನು ತಿನ್ನುವವರೆಗೂ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು. ಅವಳ ಅರಬಿ ನನಗೆ ಅರ್ಥವಾಗುತ್ತಿರಲಿಲ್ಲ, ಬೈಗುಳದ ಧಾಟಿ ಮಾತ್ರ ನಮ್ಮ ಅಜ್ಜಿಯದೇ.

ಮನೆಯ ಹಿಂದಿನ ಬರಡು ಕಣಿವೆಯಲ್ಲಿ ಎಸಿ ಪೆಟ್ಟಿಗೆಯ ರಟ್ಟು ನಿಲ್ಲಿಸಿ ಅವನು ಗುಂಡು ಹಾರಿಸುತ್ತಿದ್ದ. ನಾನು ಹಿಂದೆ ಕಲ್ಲಿನ ಮೇಲೆ ಕೂತಿರುತ್ತಿದ್ದೆ. ಮೊದಲು ಹತ್ತಿರದಿಂದ, ಆಮೇಲೆ ದೂರದಿಂದ. ಬೆಳಿಗ್ಗೆ ಸರಿಯಾಗಿ ಬಿದ್ದ ಗುಂಡುಗಳು ಬಿಸಿಲೇರಿದ ಹಾಗೆ ಎಡಕ್ಕೆ ಸರಿಯತೊಡಗಿದವು. ಅವನು ದುರ್ಬೀನಿಗೆ ಶಾಪ ಹಾಕಿದ. ನನಗೆ ಅಂಗಡಿಯವನ ಮುಖ ಕಣ್ಣಮುಂದೆ ಬಂದು ಮೈ ಉರಿಯಿತು. ಅವನು ಗುಂಡು ತೆಗೆದು, ಖಾಲಿ ಎಂದು ನನಗೂ ತೋರಿಸಿದ ಮೇಲೆ, ನಳಿಗೆಗೂ ಮರಕ್ಕೂ ನಡುವೆ ಒಂದು ಕಾಗದ ತೂರಿಸಿ ಎಳೆಯಲು ಹೇಳಿದೆ. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಬಿಸಿಯಾದ ಮರ ಅಲ್ಲಿ ನಳಿಗೆಗೆ ತಾಗಿ ತಳ್ಳುತ್ತಿತ್ತು. ಮರ ಕಳಚಿ ನನ್ನ ಕೈಗೆ ಕೊಟ್ಟ. ಒಂದು ತುಂಡು ಕೊಳವೆಗೆ ಮರಳುಕಾಗದ ಸುತ್ತಿ ಆ ಜಾಗವನ್ನು ತಿಕ್ಕಿದೆ. ಕಾಗದ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಓಡಿತು. ಮಧ್ಯಾಹ್ನದ ಗುಂಡುಗಳೆಲ್ಲ ರಟ್ಟಿನ ಮೇಲೆ ಒಂದೇ ಅಂಗೈಯಡಿ ಮುಚ್ಚುವಷ್ಟು ಹತ್ತಿರ ಬಿದ್ದವು. ಅವನು ನನ್ನ ಬೆನ್ನಿಗೆ ಗುದ್ದಿದ ಗುದ್ದಿಗೆ ಕೆಮ್ಮು ಬಂತು.

ನನ್ನ ಲೆಕ್ಕ ಸರಳವಾಗಿತ್ತು. ನಾಯಿಗಳು ಹೋದರೆ ಮೇಕೆಗಳು ಉಳಿಯುತ್ತವೆ, ಮೇಕೆಗಳು ಉಳಿದರೆ ಅಕ್ಕ ಬೆಟ್ಟದಲ್ಲೇ ಇರುತ್ತಾಳೆ, ಅಕ್ಕ ಅಲ್ಲಿದ್ದರೆ ನನ್ನ ಶುಕ್ರವಾರ ಉಳಿಯುತ್ತದೆ. ಆ ಕೋವಿ ಸರಿಯಾಗಬೇಕೆಂದು ಅವನಿಗಿಂತ ಹೆಚ್ಚು ಆಸೆಪಟ್ಟವನು ನಾನು.

ಎಲ್ಲ ಸಿದ್ಧವಾದ ಮೇಲೆ ಒಂದು ಶುಕ್ರವಾರ ರಾತ್ರಿ ಅಲ್ಲೇ ಉಳಿದು, ಮರುದಿನ ಬೆಳಗಿನ ಜಾವ ನಾಯಿಗಳು ಬರುವ ದಾರಿಯಲ್ಲಿ ಕಾಯುವುದೆಂದು ತೀರ್ಮಾನವಾಯಿತು. ಹಿಂದಿನ ದಿನ ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ಕೂತು ಅವನು ಬೋಲ್ಟು ಬಿಚ್ಚಿದ. ಒಳಗೆಲ್ಲ ಕಣಿವೆಯ ಧೂಳು. ಪೆಟ್ರೋಲಿನಲ್ಲಿ ತೊಳೆದು ಒಣಗಿಸಿದ. ಆಮೇಲೆ ಚೀಲವೆಲ್ಲ ತಡಕಾಡಿದರೆ ಅಂಗಡಿಯವನು ಕೊಟ್ಟ ಕೋವಿ ಎಣ್ಣೆ ಅಲ್ ಮವಾಲೇಹ್‌ನ ಮನೆಯಲ್ಲೇ ಉಳಿದಿತ್ತು.

"ನಿಮ್ಮೂರಲ್ಲಿ ಏನು ಹಾಕ್ತೀರಿ?" ಎಂದ.

ನಮ್ಮೂರಲ್ಲಿ ಏನು ಹಾಕುವುದು? ತಲೆಗೆ, ಒಗ್ಗರಣೆಗೆ, ಸುಟ್ಟ ಗಾಯಕ್ಕೆ, ಬಾಗಿಲ ತಿರುಗಣಿಗೆ, ಮಾವನ ಕೋವಿಗೆ, ಎಲ್ಲಕ್ಕೂ ಒಂದೇ. ನನ್ನ ಚೀಲದಲ್ಲಿ ಹೆಂಡತಿ ಊರಿನ ಗಾಣದಿಂದ ಕಳಿಸಿದ ತೆಂಗಿನೆಣ್ಣೆಯ ಬಾಟಲಿ ಇತ್ತು. ಬೆಟ್ಟದ ಒಣಗಾಳಿಗೆ ತುಟಿ ಒಡೆಯುತ್ತದೆಂದು ಇಟ್ಟುಕೊಂಡಿದ್ದೆ. ಎಷ್ಟು ಹೆಮ್ಮೆಯಿಂದ ತೆಗೆದುಕೊಟ್ಟೆ ಎಂದರೆ, ಅವನ ಋಣವೆಲ್ಲ ತೀರಿತೇನೋ ಎನ್ನುವ ಹಾಗೆ. ಬಿಸಿಲಿಗೆ ಎಣ್ಣೆ ನೀರಿನಂತಿತ್ತು. ಅವನು ಧಾರಾಳವಾಗಿ ಸುರಿದ. ಸ್ಪ್ರಿಂಗಿಗೆ, ಗುಂಡಿನ ಹಿಂಭಾಗಕ್ಕೆ ಬಡಿಯುವ ಸೂಜಿಗೆ, ಸಂದುಗೊಂದಿಗೆಲ್ಲ ಹಚ್ಚಿದ. ಬೋಲ್ಟು ಬೆಣ್ಣೆಯ ಹಾಗೆ ಜಾರಿತು. ವಾಸನೆಗೆ ಅಕ್ಕ ಹೊರಗೆ ಬಂದು, ಅಂಗೈಗೆ ಸ್ವಲ್ಪ ಹಾಕಿಸಿಕೊಂಡು, ಮೂಸಿ, ಯಾರೂ ನೋಡದ ಹಾಗೆ ಮುಸುಕಿನೊಳಗೆ ಕೂದಲಿಗೆ ಸವರಿಕೊಂಡಳು.

ಬೆಳಗಿನ ಜಾವ ಬಕೆಟ್ಟಿನ ನೀರಿನ ಮೇಲೆ ಮಂಜುಗಡ್ಡೆಯ ತೆಳುಪದರ ಕಟ್ಟಿತ್ತು. ಅವನು ಕಲ್ಲಿನ ಗೋಡೆಯ ಮೇಲೆ ಕೋವಿಯಿಟ್ಟು ಕೂತ. ನಾನು ಕಂಬಳಿ ಸುತ್ತಿಕೊಂಡು ಹಿಂದೆ ಕುಕ್ಕರಿಸಿದೆ. ಬೆಳಕು ಹರಿಯುತ್ತಿದ್ದ ಹಾಗೆ ನಾಯಿಗಳು ಸಾಲಾಗಿ ಇಳಿದುಬಂದವು, ಅವಸರವಿಲ್ಲದೆ, ಕೆಲಸಕ್ಕೆ ಹೊರಟವರ ಹಾಗೆ. ಮುಂದಿನದು ಬೂದುಬಣ್ಣದ ದೊಡ್ಡ ನಾಯಿ. ಅವನ ಕೆನ್ನೆ ನನ್ನ ಹಲಸಿನ ಮರದ ಮೇಲೆ ಸರಿಯಾಗಿ ಕೂತದ್ದನ್ನು ನೋಡಿದೆ. ಅವನು ಉಸಿರು ಹಿಡಿದ. ನಾನೂ ಹಿಡಿದೆ.

ಟಿಕ್.

ಅಷ್ಟೇ. ಗುಂಡು ಹಾರಲಿಲ್ಲ. ಅವನು ಸ್ವಲ್ಪ ಕಾದು, ಬೋಲ್ಟು ಎಳೆದ. ಅದು ಮಣ್ಣಿನಲ್ಲಿ ಹೂತ ಹಾಗೆ ಎಳೆದಷ್ಟೂ ನಿಧಾನವಾಗಿ ಬಂತು. ಇನ್ನೊಂದು ಗುಂಡು. ಮತ್ತೆ ಟಿಕ್. ಬೂದು ನಾಯಿ ತಲೆಯೆತ್ತಿ ನಮ್ಮನ್ನು ಒಮ್ಮೆ ನೋಡಿತು. ಆಮೇಲೆ ಎಲ್ಲವೂ ಬಂಡೆಗಳ ನಡುವೆ ಮಾಯವಾದವು.

ಹಾರದ ಗುಂಡಿನ ಹಿಂಭಾಗದಲ್ಲಿ ಸೂಜಿ ತಾಗಿದ ಗುರುತು ಬರೀ ಚುಕ್ಕೆಯಷ್ಟಿತ್ತು. ಅವನು ಬೋಲ್ಟು ಹೊರತೆಗೆದ. ಅದರೊಳಗೆಲ್ಲ ಬೆಳ್ಳಗೆ, ಮೇಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಸೂಜಿ ಅದರಲ್ಲಿ ಸಿಕ್ಕಿಕೊಂಡು ತೆವಳುತ್ತಿತ್ತು. ಅವನು ಬೆರಳಿನಿಂದ ಒಂದಿಷ್ಟು ತೆಗೆದು ಮೂಸಿ ನನ್ನ ಕಡೆ ತಿರುಗಿದ. ಮಸ್ಕತ್ತಿನ ಚಳಿಗಾಲದಲ್ಲೇ ನಾನು ದಿನಾ ಬೆಳಿಗ್ಗೆ ಗಟ್ಟಿಯಾದ ಇದೇ ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಸಿ ಕರಗಿಸುತ್ತೇನೆ. ದಿನಾ! ಆದರೂ ಬೆಟ್ಟದ ತುದಿಯಲ್ಲಿ ಅದು ತಲೆಗೆ ಹೊಳೆಯಲಿಲ್ಲ. ಮಾವನ ಕೋವಿಗೆ ಚಳಿ ಎಂದರೇನೆಂದೇ ಗೊತ್ತಿರಲಿಲ್ಲ.

ಚೀಲದಿಂದ ಬಾಟಲಿ ತೆಗೆದು ತೋರಿಸಿದೆ. ತಲೆಕೆಳಗು ಮಾಡಿದರೂ ಅಲುಗದ ಎಣ್ಣೆ. ಅವನು ಮೊದಲು ನಂಬಲಾರದೆ ನೋಡಿ, ಆಮೇಲೆ ಗೋಡೆಗೊರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅಕ್ಕ ನಗಲಿಲ್ಲ. ಅವಳು ಹಟ್ಟಿಯ ಬಾಗಿಲಲ್ಲಿ ನಿಂತು ಬೋಲ್ಟನ್ನೂ ನನ್ನನ್ನೂ ನೋಡಿ ಒಳಗೆ ಹೋದಳು.

ಕೆಳಗೆ ಅವನಿಗೆ ತುರ್ತು ಕೆಲಸವಿತ್ತು, ಹೊರಡಲೇಬೇಕಿತ್ತು. ಕೋವಿಯನ್ನು ತೊಳೆದು ಒಣಗಿಸಿ, ಮುಂದಿನ ಶುಕ್ರವಾರ ಖಂಡಿತ ಎಂದುಕೊಂಡು ಇಳಿದೆವು. ಆ ಶುಕ್ರವಾರದೊಳಗೇ ಒಂದು ಬೆಳಿಗ್ಗೆ ನಾಯಿಗಳು ಹಟ್ಟಿಯ ಗೋಡೆ ಹಾರಿದವು. ಗಬ್ಬವಾಗಿದ್ದ ಮೇಕೆಗಳೇ ಹೆಚ್ಚು ಹೋದವಂತೆ. ಅವನು ವರ್ಕ್‌ಶಾಪಿಗೆ ಬಂದು, ನನ್ನ ಮೇಜಿನ ಹತ್ತಿರ ನಿಂತು, "ಖಲಾಸ್," ಎಂದಷ್ಟೇ ಹೇಳಿದ.

ಉಳಿದ ಮೇಕೆಗಳನ್ನು ನಿಜ್ವಾ ಪಟ್ಟಣದ ಶುಕ್ರವಾರದ ಸಂತೆಗೆ ಒಯ್ದೆವು. ನಾನೂ ಹೋಗಿ ಪಿಕಪ್ಪಿನಿಂದ ಒಂದೊಂದನ್ನೇ ಇಳಿಸಿದೆ. ಕೊಳ್ಳುವವರು ಸುತ್ತ ಕೂತಿರುತ್ತಾರೆ, ಮೇಕೆಗಳನ್ನು ನಡುವೆ ಸುತ್ತು ನಡೆಸುತ್ತಾರೆ. ಅಕ್ಕ ಗಾಡಿಯಿಂದ ಇಳಿಯದೆ ಬೇರೆ ಕಡೆ ಮುಖ ತಿರುಗಿಸಿ ಕೂತಿದ್ದಳು. ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಕ್ಕ ಬೆಟ್ಟದ ಮನೆಗೆ ಬೀಗ ಹಾಕಿ ತಮ್ಮನ ಮನೆಗೆ ಬಂದಳು. ಆಮೇಲೆ ಜೀಪಿನ ಹಾರ್ನ್ ನಿಂತಿತು. ಅವನು ವರ್ಕ್‌ಶಾಪಿನಲ್ಲಿ ಸಿಕ್ಕಾಗ ಮೊದಲಿನಂತೆಯೇ ಮಾತಾಡುತ್ತಿದ್ದ, ಕಪಾಟಿನ ವಿಷಯ, ಮೇಜಿನ ವಿಷಯ. ಅವನಿಗೆ ಸಿಟ್ಟಿರಲಿಲ್ಲ. ನನ್ನನ್ನು ಕರೆದೊಯ್ಯಲು ಬೆಟ್ಟ ಇರಲಿಲ್ಲ, ಅಷ್ಟೇ. ಶುಕ್ರವಾರ ಬೆಳಿಗ್ಗೆ ಕೆಳಗೆ ಯಾವ ಗಾಡಿ ಹಾರ್ನ್ ಹೊಡೆದರೂ ನಾನು ಕಿಟಕಿಗೆ ಹೋಗಿ ನೋಡಿ ಬರುತ್ತಿದ್ದೆ. ಮೇಲಿನ ಮಹಡಿಯವರು ಒಮ್ಮೆ ಕೇಳಿಯೂ ಬಿಟ್ಟರು, "ಎಂತ, ಈಗ ಅರ್ಬಾಬ್ ಬರುದಿಲ್ವಾ?"

ಬೇಸಿಗೆ ಕಳೆದ ಮೇಲೆ ಅವನು ಮತ್ತೆ ಬಟ್ಟೆಯಲ್ಲಿ ಸುತ್ತಿದ ಆ ಮರವನ್ನು ತಂದ. ಕೋವಿಯನ್ನು ಬುರೈಮಿಯ ಪರಿಚಯದವನೊಬ್ಬ ಕೇಳಿದ್ದಾನಂತೆ, ಕಾಗದಪತ್ರವೆಲ್ಲ ಆಗಿದೆ. ಕೊಳ್ಳುವವನ ತೋಳು ಗಿಡ್ಡ.

"ಹಿಂದಿನ ತುಂಡು ತೆಗೆದುಬಿಡು. ಅಂಗಡಿಯಿಂದ ಬಂದ ಹಾಗೇ ಇರಲಿ."

ಅವನ ಎದುರಿಗೇ ಸ್ಕ್ರೂ ಬಿಚ್ಚಿ ಹಲಸಿನ ಪಟ್ಟಿ ತೆಗೆದೆ. ಅಂಟು ಬಿಡಿಸಿಕೊಂಡು ಬಂದ ಜಾಗವನ್ನು ತಿಕ್ಕಿ ನುಣುಪು ಮಾಡಿದೆ. ಅವನ ಕೈಯ ಅಳತೆ ನನಗೆ ಇನ್ನೂ ಬಾಯಿಪಾಠ ಇತ್ತು. ಹೊರಡುವಾಗ ಅವನು ಬಾಗಿಲಲ್ಲಿ ನಿಂತ.

"ಆ ಎಣ್ಣೆ ಇದೆಯಾ? ಅಕ್ಕ ಕೇಳ್ತಿದ್ದಾಳೆ. ತಲೆಗೆ."

ನನಗೆ ಎಲ್ಲಿಲ್ಲದ ಸಡಗರ. "ಇದೆ ಅರ್ಬಾಬ್. ಶುಕ್ರವಾರ ನಾನೇ ಮನೆಗೆ ತಂದುಕೊಡ್ತೇನೆ. ಏನಾದರೂ ರಿಪೇರಿ ಇದ್ದರೆ ಅದನ್ನೂ ನೋಡ್ತೇನೆ."

"ಅಷ್ಟು ದೂರ ಯಾಕೆ? ಶುಕ್ರವಾರ ಮನೆ ತುಂಬ ಜನ ಇರ್ತಾರೆ. ಡ್ರೈವರನ್ನು ಕಳಿಸ್ತೇನೆ," ಎಂದ. ನನಗೆ ತೊಂದರೆಯಾಗಬಾರದೆಂದೇ ಹೇಳಿದ. ಅವನು ಒಳ್ಳೆಯವನು.

ಗುರುವಾರ ಡ್ರೈವರ್ ಬಂದ. ಹೊಸ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ. ಎಸಿಯಲ್ಲಿ ಗಟ್ಟಿಯಾದರೆ ಬಿಸಿನೀರಿನಲ್ಲಿ ಇಳಿಸಿ ಎಂದು ಹೇಳಿ ಕಳಿಸಬೇಕಿತ್ತು. ಬೇಕೆಂದೇ ಹೇಳಲಿಲ್ಲ. ಎಣ್ಣೆ ಬೆಳ್ಳಗಾದದ್ದನ್ನು ಕಂಡರೆ ಆ ಮುದುಕಿ ಸುಮ್ಮನಿರುವವಳಲ್ಲ, ತಮ್ಮನಿಂದ ಫೋನ್ ಮಾಡಿಸಿ ಬೈದಾಳು ಎಂದು ಆಸೆ. ಶುಕ್ರವಾರ ಬಟ್ಟೆ ಒಗೆದು, ಸಾರಿಗಿಟ್ಟು, ಫೋನನ್ನು ಹಲಸಿನ ತುಂಡಿಗೆ ಒರಗಿಸಿ ಎದುರಿಗಿಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿನಲ್ಲಿ ಅದು ಬಡಿದುಕೊಂಡಿತು. ಹಾರಿ ಎತ್ತಿಕೊಂಡರೆ ಹೆಂಡತಿ.

"ಊಟ ಆಯ್ತಾ?"

"ಆಗ್ಬೇಕಷ್ಟೆ. ನಿನ್ನ ಮಣೆಯ ತುಂಡು ವಾಪಸ್ ಬಂತು ಮಾರಾಯ್ತಿ," ಎಂದೆ. ಬೈಯಲಿ ಎಂದೇ ಹೇಳಿದೆ.

ಅವಳು ಬೈಯಲಿಲ್ಲ. "ಅಷ್ಟು ಸಣ್ಣ ತುಂಡಲ್ಲಿ ಯಾರು ಕೂತ್ಕೊಳ್ಳುದು?" ಎಂದಳು.

ನಾನು ಎದ್ದು ಒಲೆಯ ಉರಿ ಸಣ್ಣ ಮಾಡಿದೆ. ಆಮೇಲೆ ಎಂತ ಸಾರು ಎಂದು ಕೇಳಿದಳು.